ಅಲುಗಾಡದ ಪೆಟ್ಟಿಗೆ

ಪೆಟ್ಟಿಗೆ ಅಲುಗಾಡಲಿಲ್ಲ. ಹಲ್ಲಕ್ಕನ ಎದೆ ಧಸಕ್ಕೆಂದದ್ದು ಅದಕ್ಕೇ.

ರಸ್ತೆಯ ಉಬ್ಬು ಹತ್ತಿಳಿದಾಗ ಸೈಕಲ್ ಎದ್ದುಬಿತ್ತು, ಬೆಲ್ಲು ತಾನಾಗಿಯೇ ಕಿಣಿಕಿಣಿ ಎಂದಿತು, ಹ್ಯಾಂಡಲ್‌ಗೆ ತೂಗುಹಾಕಿದ್ದ ನೀರಿನ ಬಾಟಲಿ ಮೊಣಕಾಲಿಗೆ ಬಡಿಯಿತು. ಹಿಂದೆ ಕ್ಯಾರಿಯರ್ ಮೇಲಿದ್ದ ಪೆಟ್ಟಿಗೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಅವಳು ಕಟ್ಟಿದ ಕಟ್ಟು ಹಾಗಿರಲು ಸಾಧ್ಯವೇ ಇರಲಿಲ್ಲ. ಸೈಕಲ್‌ಗೆ ಸಾಮಾನು ಕಟ್ಟುವ ಕೆಲಸದಲ್ಲಿ ಅವಳು ಅಷ್ಟಕ್ಕಷ್ಟೇ. ಬೆಳಿಗ್ಗೆ ಹೊರಡುವಾಗ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಹೇಗೋ ಎಳೆದು, ಏನೋ ಒಂದು ಗಂಟು ಹಾಕಿ ಬಂದಿದ್ದಳು. ಅಮ್ಮನ ಮನೆ ತಲುಪುವವರೆಗೂ ಪೆಟ್ಟಿಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರಿ ಪ್ರಾಣ ತಿಂದಿತ್ತು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಬೆನ್ನ ಹಿಂದೆ. ಸರ್ಕಸ್ಸಿನವಳ ಹಾಗೆ ಬಂದಿದ್ದಳು. ಅಮ್ಮನ ಮನೆಯಲ್ಲಿ ಒಂದು ಲೋಟ ಟೀ ಕುಡಿದು, ಒಂದಿಷ್ಟು ಅತ್ತು, ಕಣ್ಣೊರೆಸಿಕೊಂಡು ಹೊರಬಂದವಳು ಹಿಂದೆ ಕಣ್ಣುಹಾಯಿಸದೆ ಸೈಕಲ್ ಹತ್ತಿದ್ದಳು. ಅಲ್ಲಿಂದೀಚೆಗೆ ಪೆಟ್ಟಿಗೆ ಬೆಸುಗೆ ಹಾಕಿದಂತೆ ಕೂತಿತ್ತು.

ಅಂದರೆ ಅಮ್ಮನ ಮನೆಯ ಗೇಟಿನ ಮುಂದೆ ಯಾರೋ ಅದನ್ನು ಮುಟ್ಟಿದ್ದರು.

ಎದುರಿಗೆ ಪೊಲೀಸ್ ಠಾಣೆಗೆ ಹೋಗುವ ಅಡ್ಡರಸ್ತೆ. ಒಂದು ಬದಿಗೆ ಗೋದಾಮಿನ ಉದ್ದ ಗೋಡೆ, ಇನ್ನೊಂದು ಬದಿಗೆ ಮುಳ್ಳುತಂತಿಯ ಹಿಂದೆ ಬರಿಯ ಬಯಲು. ಹಾಡುಹಗಲೇ ಆದರೂ ಒಂದು ನರಪಿಳ್ಳೆಯ ಸುಳಿವಿಲ್ಲ. ಹಲ್ಲಕ್ಕ ಇಳಿದು ಗೋಡೆಯ ಪಕ್ಕ ಸೈಕಲ್‌ಗೆ ಸ್ಟ್ಯಾಂಡ್ ಹಾಕಿದಳು. ಸ್ಟ್ಯಾಂಡ್ ಒಂದೇ ಸಲಕ್ಕೆ ನಿಲ್ಲಲಿಲ್ಲ.

ಈಗ ಪಟ್ಟಿಗಳು ಎರಡಿದ್ದವು. ಬೇಕಾದರೆ ಇರಲಿ ಎಂದು ಸೀಟಿನ ಕೆಳಗೆ ಸುತ್ತಿಟ್ಟಿದ್ದ ಇನ್ನೊಂದನ್ನೂ ಬಿಚ್ಚಿ ಬಳಸಿದ್ದರು. ಪೆಟ್ಟಿಗೆಯ ನೆತ್ತಿಯ ಮೇಲೆ ಎರಡೂ ಅಡ್ಡಡ್ಡ ದಾಟಿ, ಕ್ಯಾರಿಯರ್‌ನ ಸರಳುಗಳ ಕೆಳಗಿಂದ ಬಳಸಿಬಂದಿದ್ದವು. ಉಳಿದ ತುದಿಯನ್ನು ಸೀಟಿನ ಕಡೆಗೆ ತಂದು, ಎರಡು ಸಲ ಒಳಗೆ ತೂರಿಸಿ, ಚಕ್ರದ ಕಡ್ಡಿಗೆ ಎಲ್ಲೂ ತಾಗದಂತೆ ಸಿಕ್ಕಿಸಲಾಗಿತ್ತು.

ಆ ತುದಿಯನ್ನು ನೋಡಿದ್ದೇ ತಡ, ಅವಳಿಗೆ ಗುರುತು ಸಿಕ್ಕಿತು.

ಅದು ಗಂಡನ ಕಟ್ಟು. ಅವನು ಕೊರಿಯರ್ ಆಫೀಸಿನಲ್ಲಿ ಪಾರ್ಸಲ್ ಹಂಚುವವನು. ಸೈಕಲ್ ಮೇಲೆ ಫ್ಯಾನು, ಕನ್ನಡಿ, ಮಗುವಿನ ತೊಟ್ಟಿಲು ಏನನ್ನಾದರೂ ಕಟ್ಟಿ ಒಂದು ಗೀರು ಬೀಳದಂತೆ ಸಾಗಿಸುವುದರಲ್ಲಿ ಎತ್ತಿದ ಕೈ. ಹಲ್ಲಕ್ಕನ ತಮ್ಮ ಅದಕ್ಕೇ ಅವನಿಗೆ ಪಾರ್ಸಲ್ ಭಾವ ಎಂದು ಹೆಸರಿಟ್ಟಿದ್ದ. ಮದುವೆಯಾದಂದಿನಿಂದ ಹೆಂಡತಿಯ ಪೆಟ್ಟಿಗೆಯನ್ನು ದಿನಾ ಬೆಳಿಗ್ಗೆ ಕಟ್ಟಿಕೊಡುತ್ತಿದ್ದವನು ಅವನೇ. ಗಂಟು ಬಿಗಿಯಾಗಿದ್ದರಷ್ಟೇ ಸಾಲದು, ತುದಿ ನೇತಾಡಬಾರದು, ನೇತಾಡಿದರೆ ಚಕ್ರ ಅದನ್ನು ನುಂಗುತ್ತೆ, ಆಮೇಲೆ ನಿನ್ನನ್ನೂ ನುಂಗುತ್ತೆ ಎಂದು ಅವನು ಹೇಳದ ದಿನವಿರಲಿಲ್ಲ.

ಇವತ್ತು ಮಾತ್ರ ಅವನು ಕಟ್ಟಿಕೊಟ್ಟಿರಲಿಲ್ಲ. ಊರಾಚೆಯ ಬಡಾವಣೆಗೆ ಅರ್ಜೆಂಟ್ ಪಾರ್ಸಲ್ ಇದೆ ಎಂದು ಅವಸರ ಅವಸರವಾಗಿ ರಸ್ಕನ್ನು ಟೀಯಲ್ಲಿ ಅದ್ದಿ, ಅದು ಗಂಜಿಯಂತಾಗುವವರೆಗೆ ಕಾದು ನುಂಗಿ ಹೊರಟಿದ್ದ. ಹಲ್ಲಿಲ್ಲದ ತಾತನ ಹಾಗೆ ತಿನ್ನುತ್ತೀರಲ್ಲ ಎಂದು ಅವಳು ರೇಗಿಸಿದ್ದಕ್ಕೆ, ಹೋದ ವಾರ ಪಾರ್ಸಲ್ಲಿನ ಮೂಲೆ ಬಡಿದು ಊದಿದ ದವಡೆ ಇನ್ನೂ ನೋಯುತ್ತಿದೆ ಎಂದಿದ್ದ.

ಊರಾಚೆಗೆ ಹೋದವನು ಅತ್ತೆಯ ಮನೆಯ ಗೇಟಿನ ಮುಂದೆ ಏನು ಮಾಡುತ್ತಿದ್ದ? ಬಂದವನು ಒಳಗೆ ಬಂದು ಒಂದು ಮಾತಾಡಿಸದೆ ಹೋದದ್ದೇಕೆ?

ಪೆಟ್ಟಿಗೆಯಲ್ಲಿದ್ದದ್ದು ಬಂಗಾರವಲ್ಲ, ದವಡೆಗಳು. ಪ್ಲಾಸ್ಟರಿನಲ್ಲಿ ಹೊಯ್ದ, ಮನುಷ್ಯರ ಬಾಯಿಯ ಅಚ್ಚುಗಳು. ಹಲ್ಲಿನ ಡಾಕ್ಟರುಗಳು ಕಳಿಸುವ ಅಳತೆಯಿಂದ ಅಚ್ಚು ಹೊಯ್ದು, ಅದರ ಮೇಲೆ ಕ್ಯಾಪು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೀದಿಯವರು ಹಲ್ಲಕ್ಕ ಎಂದು ಕರೆಯಲು ಶುರುಮಾಡಿ ಯಾವ ಕಾಲವಾಯಿತೋ. ಪ್ಲಾಸ್ಟರ್ ಕಲಸುವ ಕೆಲಸಕ್ಕೆ ತಮ್ಮನನ್ನೂ ಅವಳೇ ಅಲ್ಲಿ ಸೇರಿಸಿದ್ದಳು.

ಲ್ಯಾಬಿನ ಯಜಮಾನರು ಪ್ಲಾಸ್ಟರ್ ಕೋಣೆಯಲ್ಲಿ ತಲೆ ಒಡೆದು ಹೆಣವಾಗಿ ಬಿದ್ದದ್ದು ಹೋದ ವಾರ. ಅದೇ ಸಂಜೆಯಿಂದ ತಮ್ಮ ನಾಪತ್ತೆ.

ನಿನ್ನೆ ಇನ್ಸ್‌ಪೆಕ್ಟರಮ್ಮ ಫೋನ್ ಮಾಡಿದ್ದರು. ಯಜಮಾನರ ಮುಷ್ಟಿಯೊಳಗೆ ಲೋಹದ ಕ್ಯಾಪೊಂದು ಸಿಕ್ಕಿದೆಯಂತೆ. ಹೊಡೆದಾಟದಲ್ಲಿ ಎದುರಾಳಿಯ ಬಾಯಿಂದ ಕಿತ್ತುಬಂದದ್ದು. ಕೆಳದವಡೆಯ ಬಲಗಡೆಯ ಹಿಂದಿನ ಹಲ್ಲಿನದು. ಅಂಥ ಕ್ಯಾಪು ನಿಮ್ಮಲ್ಲಿ ಯಾರ್‍ಯಾರಿಗೆ ಮಾಡಿದ್ದೀರೋ ಅಷ್ಟೂ ಅಚ್ಚು ತಗೊಂಡು ಬನ್ನಿ, ಒಂದೊಂದರ ಮೇಲೂ ಕೂರಿಸಿ ನೋಡೋಣ ಎಂದಿದ್ದರು. ಒಬ್ಬರ ಕ್ಯಾಪು ಇನ್ನೊಬ್ಬರ ಹಲ್ಲಿಗೆ ಕೂರುವುದಿಲ್ಲ. ಕೂತರೆ ಅವನೇ ಕೊಲೆಗಾರ. ಇದನ್ನೆಲ್ಲ ಹಲ್ಲಕ್ಕ ನಿನ್ನೆಯೇ ಅಮ್ಮನಿಗೆ ಫೋನಿನಲ್ಲಿ ಹೇಳಿ, ಠಾಣೆಗೆ ಹೋಗುವಾಗ ಬಂದುಹೋಗುತ್ತೇನೆ ಎಂದಿದ್ದಳು.

ಹಲ್ಲಕ್ಕ ಐದು ಅಚ್ಚು ಆರಿಸಿದ್ದಳು. ಆರನೆಯದು ತಮ್ಮನದು. ಹೋದ ವರ್ಷ ಅವನಿಗೆ ಅದೇ ಹಲ್ಲಿಗೆ ಅದೇ ಲೋಹದ ಕ್ಯಾಪನ್ನು ಅವಳೇ ಮಾಡಿಕೊಟ್ಟಿದ್ದಳು. ಆ ಅಚ್ಚನ್ನು ಪೆಟ್ಟಿಗೆಗೆ ಹಾಕಲು ಅವಳ ಕೈ ಬರಲಿಲ್ಲ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಟ್ಟೆ ಚೂರುಗಳ ಅಡಿಯಲ್ಲಿ ಬಚ್ಚಿಟ್ಟಿದ್ದಳು. ರಾತ್ರಿಯಿಡೀ ನಿದ್ದೆಯಿಲ್ಲ. ಎತ್ತಿ ಆಡಿಸಿದ ತಮ್ಮ ಕೊಲೆಗಾರನಿರಬಹುದೆಂದು ತಾನೇ ನಂಬಿಬಿಟ್ಟೆನಲ್ಲ ಎಂಬ ಸಂಕಟ ಒಂದು ಕಡೆ, ಠಾಣೆಯಲ್ಲಿ ಸಿಕ್ಕಿಬಿದ್ದರೆ ಎಂಬ ಭಯ ಇನ್ನೊಂದು ಕಡೆ.

ಹಲ್ಲಕ್ಕ ಪಟ್ಟಿಯ ತುದಿಯನ್ನು ಹೊರಗೆಳೆಯಲು ಹೋದಳು. ಅದು ಜಪ್ಪಯ್ಯ ಅನ್ನಲಿಲ್ಲ. ಹೇರ್‌ಪಿನ್ ತೆಗೆದು, ಸಂದಿಯಲ್ಲಿ ತೂರಿಸಿ, ಒದ್ದಾಡಿ, ಉಗುರು ಮುರಿದುಕೊಂಡ ಮೇಲೆ ಒಂದು ಸುತ್ತು ಸಡಿಲವಾಯಿತು. ಅಂತೂ ಮುಚ್ಚಳ ತೆರೆದಳು. ಮೇಲಿದ್ದ ಮೊಬೈಲನ್ನು ತೆಗೆದು ಕ್ಯಾರಿಯರ್ ಮೇಲಿಟ್ಟಳು. ಕೆಳಗೆ ಹಳೆಯ ಟವೆಲ್ಲಿನ ತುಂಡುಗಳಲ್ಲಿ ಸುತ್ತಿದ ಅಚ್ಚುಗಳು.

ಐದಲ್ಲ. ಆರು.

ಇದೂ ಗಂಡನ ಕೆಲಸವೇ. ಡ್ರಾಯರು ಶೋಧಿಸಿದ್ದಾರೆ. ತಾನು ಬಚ್ಚಿಟ್ಟದ್ದನ್ನು ತಂದು ಪೆಟ್ಟಿಗೆಗೆ ಹಾಕಿದ್ದಾರೆ. ಬಾಯ್ತುಂಬ ಭಾವ ಭಾವ ಎನ್ನುವ ಹುಡುಗನನ್ನು ಪಾರ್ಸಲ್ ಮಾಡಿ ಠಾಣೆಗೆ ಕಳಿಸುತ್ತಿದ್ದಾರೆ, ಅದೂ ಅಕ್ಕನ ಸೈಕಲ್ ಮೇಲೆಯೇ.

ಸಿಟ್ಟಿನಲ್ಲಿ ಆರನೆಯದನ್ನು ಎತ್ತಿಕೊಂಡಳು. ಎತ್ತಿಕೊಂಡ ಕೈ ಅಲ್ಲೇ ನಿಂತಿತು.

ಅಚ್ಚು ತಣ್ಣಗಿತ್ತು, ಹಸಿಯಾಗಿತ್ತು. ಉಗುರು ತಾಗಿಸಿದರೆ ಅಂಚು ಪುಡಿಯಾಗಿ ಉದುರಿತು. ವರ್ಷದ ಹಿಂದಿನ ಅಚ್ಚು ಕಲ್ಲಿನಂತಿರುತ್ತದೆ. ಇದನ್ನು ಇವತ್ತೇ ಬೆಳಿಗ್ಗೆ ಹೊಯ್ದಿದ್ದಾರೆ. ತಿರುಗಿಸಿ ನೋಡಿದಳು. ಉಳಿದ ಐದರ ಬುಡದಲ್ಲೂ ಪೆನ್ಸಿಲ್ಲಿನಲ್ಲಿ ಬರೆದ ಹೆಸರಿತ್ತು. ಇದರ ಬುಡ ಬೋಳು.

ಅವಳಿಗೆ ಹೆಸರು ಬೇಕಿರಲಿಲ್ಲ. ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಒರಗಿಕೊಂಡಿತ್ತು. ಅದರಾಚೆಯದು ಮೂಲೆ ಒಡೆದ ಹಲ್ಲು. ಚಿಕ್ಕವನಿದ್ದಾಗ ಓಡುತ್ತಿದ್ದ ಸೈಕಲ್ಲಿನ ಕ್ಯಾರಿಯರ್ ಮೇಲೆ ಎದ್ದುನಿಂತು ರಾಜನ ಹಾಗೆ ಕೈಬೀಸಲು ಹೋಗಿ ಬಿದ್ದು ಒಡೆದುಕೊಂಡದ್ದು. ಇಡೀ ಜಗತ್ತಿನಲ್ಲಿ ಇಂಥ ವಕ್ರ ಬಾಯಿ ಒಬ್ಬನಿಗೇ ಇರುವುದು.

ಬೆರಳನ್ನು ಹಿಂದಕ್ಕೆ, ಬಲಗಡೆಯ ಕೊನೆಗೆ ತಂದಳು. ಅಲ್ಲಿ ಬೋಳು ಹಲ್ಲಿರಲಿಲ್ಲ. ಕ್ಯಾಪು ಕೂತ ಹಲ್ಲಿನ ಅಚ್ಚಿತ್ತು. ಕ್ಯಾಪಿನ ನೆತ್ತಿಯ ಮೇಲೆ, ಅವಳೇ ಕೊರೆದು, ಸ್ವಲ್ಪ ಓರೆಯಾಗಿ ಹೋಗಿ, ಇರಲಿ ಬಿಡು ಎಂದು ಬಿಟ್ಟಿದ್ದ ಗೆರೆಯೂ ಹಾಗೇ ಮೂಡಿತ್ತು.

ತಮ್ಮನ ಕ್ಯಾಪು ತಮ್ಮನ ಬಾಯಲ್ಲೇ ಇದೆ. ಯಜಮಾನರ ಮುಷ್ಟಿಯಲ್ಲಿದ್ದದ್ದು ಬೇರೆಯವರದು.

ಹಲ್ಲಕ್ಕ ಗೋಡೆಗೆ ಒರಗಿ ನಿಂತು ಅತ್ತುಬಿಟ್ಟಳು. ಈಗ ಎಲ್ಲ ಒಂದೊಂದಾಗಿ ಹೊಂದಿಕೊಂಡಿತು. ಅಮ್ಮ ಅವಳನ್ನು ಹಿಂದಿನ ಅಡುಗೆಮನೆಯಲ್ಲೇ ಕೂರಿಸಿ, ಎಂದೂ ಇಲ್ಲದಂತೆ ಪಾತ್ರೆ ಸದ್ದು ಮಾಡುತ್ತ, ನೆರೆಮನೆಯವರ ಬೆಕ್ಕಿನ ಕತೆ ಹೇಳಿದ್ದಳು. ಅಮ್ಮನ ಮೊಣಕೈಗೆ ಬಿಳಿಯದೇನೋ ಮೆತ್ತಿತ್ತು. ಹಿಟ್ಟು ಎಂದಿದ್ದಳು. ಹಿಟ್ಟೂ ಅಲ್ಲ ಗಿಟ್ಟೂ ಅಲ್ಲ, ಪ್ಲಾಸ್ಟರು. ತಮ್ಮ ಅಲ್ಲೇ ಒಳಕೋಣೆಯಲ್ಲಿ ಅಡಗಿದ್ದಾನೆ. ಮುಖ ತೋರಿಸಲು ಹೆದರಿ, ತನ್ನ ಬಾಯಿಯ ಅಳತೆ ತಾನೇ ತೆಗೆದು, ಅಚ್ಚು ಹೊಯ್ದು, ಅಮ್ಮ ಬೆಕ್ಕಿನ ಕತೆ ಹೇಳುತ್ತಿರುವಾಗ ಬಂದು ಪೆಟ್ಟಿಗೆಯಲ್ಲಿ ಇಟ್ಟುಹೋಗಿದ್ದಾನೆ. ಅಕ್ಕನಿಗೆ ಓದಲು ಬರುವ ಭಾಷೆಯಲ್ಲಿ, ನಾನಲ್ಲ ಎಂದು ಹೇಳಿದ್ದಾನೆ.

ಆದರೆ ತಪ್ಪು ಮಾಡದವನು ಯಾರಿಗೆ ಹೆದರಿ ಅಡಗಿದ್ದಾನೆ? ಆ ಕೋಣೆಯಲ್ಲಿ ಅವನು ಯಾರನ್ನು ನೋಡಿದ?

ಹಿಂದಿನಿಂದ ಸೈಕಲ್ ಬೆಲ್ಲು ಕೇಳಿಸಿತು.

ಗಂಡ ಬಂದು ಕಾಲು ಊರಿ ನಿಂತ. ಅವನ ಕ್ಯಾರಿಯರ್ ಮೇಲೆ ಪಾರ್ಸಲ್ಲಿನ ಚೀಲ ಬಿಗಿಯಾಗಿ ಕೂತಿತ್ತು, ತುಂಬಿದ್ದು ತುಂಬಿದಂತೆಯೇ. ಬೆಳಿಗ್ಗೆಯಿಂದ ಒಂದನ್ನೂ ಹಂಚಿದಂತಿರಲಿಲ್ಲ. ಯಾಕೆ ಅಳುತ್ತಿದ್ದೀಯ ಎಂದು ಕೇಳಿದ. ಅವಳು, ಪೆಟ್ಟಿಗೆ ಮುಟ್ಟಿದ್ದು ನೀವೇನಾ ಎಂದಳು.

"ನಾನೇ. ಆ ಕಡೆ ಹೋಗ್ತಿದ್ದೆ, ಅತ್ತೆ ಮನೆ ಮುಂದೆ ನಿನ್ನ ಸೈಕಲ್ ಕಾಣಿಸ್ತು. ಪಟ್ಟಿ ತುದಿ ಚಕ್ರದ ಹತ್ರ ನೇತಾಡ್ತಿತ್ತು. ಕಡ್ಡಿಗೆ ಸಿಕ್ಕಿದ್ರೆ ಮುಖ ಅಡಿಯಾಗಿ ಬೀಳ್ತಿದ್ದೆ. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಬಿದ್ದರೆ ಅವನು ನಿಜವಾಗಿಯೂ ಸಹಿಸುತ್ತಿರಲಿಲ್ಲ. ಹಲ್ಲಕ್ಕನಿಗೆ ತನ್ನ ಅನುಮಾನಕ್ಕೆ ತನಗೇ ನಾಚಿಕೆಯಾಯಿತು.

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಹತ್ತಿರ ಬಂದ. ಅವಳ ಕೈಯಲ್ಲಿದ್ದ ಅಚ್ಚಿನ ಮೇಲೆಯೇ ಅವನ ಕಣ್ಣು.

"ಆ ಹೆಸರಿಲ್ಲದ್ದು ಯಾರದ್ದು?"

ಸಂತೋಷ ಅವಳ ಬಾಯಿಗೆ ಬೀಗವಿಲ್ಲದಂತೆ ಮಾಡಿತ್ತು. ತಮ್ಮನದು ಎಂದಳು. ಕ್ಯಾಪು ತೋರಿಸಿದಳು, ಓರೆ ಗೆರೆ ತೋರಿಸಿದಳು. ಅವನಲ್ಲ ರೀ, ನಮ್ಮ ಹುಡುಗ ಅಲ್ಲ ಎಂದು ಎರಡೆರಡು ಸಲ ಹೇಳಿದಳು. ಪ್ಲಾಸ್ಟರು ಇನ್ನೂ ಹಸಿಯಾಗಿರುವುದನ್ನೂ, ಅಮ್ಮನ ಮೊಣಕೈಯ ಬಿಳಿ ಕಲೆಯನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು. ಅವನು ಕೈಚಾಚಿದಾಗ ಮಗುವನ್ನು ಕೊಡುವ ಹಾಗೆ ಅಚ್ಚನ್ನು ಅವನ ಕೈಗೆ ಕೊಟ್ಟಳು.

ಅವನು ಅದರ ಹಸಿ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ.

"ಅಂದ್ರೆ ಅವನು ಅಲ್ಲೇ ಇದಾನೆ," ಎಂದ.

ಅದು ಪ್ರಶ್ನೆಯಾಗಿರಲಿಲ್ಲ. ಆಗ, ತಡವಾಗಿ, ಅವನು ಅಚ್ಚಿನ ಬಗ್ಗೆ ಕೇಳಿದ್ದ ಪ್ರಶ್ನೆ ಅವಳ ತಲೆಯಲ್ಲಿ ತಿರುಗಿ ಕೇಳಿಸಿತು. ಹೆಸರಿಲ್ಲದ್ದು. ಅವನು ಹಾಗೆ ಕೇಳಿದಾಗ ಅಚ್ಚಿನ ಬುಡ ಅವಳ ಅಂಗೈಗೆ ಅಂಟಿಕೊಂಡಿತ್ತು. ಅದರಲ್ಲಿ ಹೆಸರಿಲ್ಲವೆಂದು ಅವನಿಗೆ ಕಾಣುವ ಹಾಗಿರಲಿಲ್ಲ. ಇವರು ಪಟ್ಟಿಯನ್ನಷ್ಟೇ ಬಿಗಿದಿಲ್ಲ. ಪೆಟ್ಟಿಗೆ ತೆರೆದಿದ್ದಾರೆ, ಆರನ್ನೂ ತಿರುವಿ ಹೆಸರು ಓದಿದ್ದಾರೆ. ಒಂದಕ್ಕೆ ಹೆಸರಿಲ್ಲದ್ದನ್ನು ನೋಡಿ, ಅದು ಯಾರದ್ದೆಂದು ತಿಳಿಯದೆ ಜೀವ ತಡೆಯಲಾರದೆ ಬೆನ್ನುಹತ್ತಿ ಬಂದಿದ್ದಾರೆ.

ಯಾರದ್ದಿರಬಹುದೆಂದು ಹೆದರಿದ್ದರು?

ಲೋಹದ ಕ್ಯಾಪು ಇನ್ನೊಬ್ಬರಿಗೂ ಮಾಡಿದ್ದಳು ಅವಳು. ಲ್ಯಾಬಿನಲ್ಲಿ ಮಿಕ್ಕಿದ ಚೂರು ಲೋಹದಿಂದ, ಯಜಮಾನರಿಗೆ ಗೊತ್ತಾಗದಂತೆ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ತಾನೇ ಅಳತೆ ತೆಗೆದು, ನಗಾಡುತ್ತ ಮಾಡಿಕೊಟ್ಟದ್ದು. ಡಾಕ್ಟರಿಲ್ಲ, ರಶೀದಿಯಿಲ್ಲ, ಅಚ್ಚಿನ ಬುಡದಲ್ಲಿ ಹೆಸರೂ ಇಲ್ಲ. ಅದಕ್ಕೇ ಇನ್ಸ್‌ಪೆಕ್ಟರಮ್ಮ ಕೇಳಿದಾಗ ಅವಳಿಗದು ನೆನಪಿಗೇ ಬರಲಿಲ್ಲ. ಮನೆಯ ಮನುಷ್ಯನನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಕೆಳದವಡೆ. ಬಲಗಡೆ. ಹಿಂದಿನ ಹಲ್ಲು. ಗಂಜಿಯಾಗುವವರೆಗೆ ಟೀಯಲ್ಲಿ ಅದ್ದಿದ ರಸ್ಕು.

"ರೀ," ಎಂದಳು. "ಸ್ವಲ್ಪ ಬಾಯಿ ತೆಗೀರಿ."

ಹಲ್ಲುನೋವು ಎಂದಾಗಲೆಲ್ಲ ಅವಳು ಹೀಗೇ ಹೇಳುತ್ತಿದ್ದಳು. ಅವನು ಮೊಸಳೆಯ ಹಾಗೆ ಬಾಯಿ ಬಿಟ್ಟು, ಅವಳ ಬೆರಳು ಕಚ್ಚುವ ನಾಟಕವಾಡಿ ಇಬ್ಬರೂ ನಗುತ್ತಿದ್ದರು. ಈಗ ಅವನು ಮುಗುಳ್ನಕ್ಕ. ತುಟಿ ತೆರೆಯಲಿಲ್ಲ.

"ರಸ್ತೆ ಮಧ್ಯದಲ್ಲಾ? ಸಂಜೆ ಮನೇಲಿ ನೋಡುವಂತೆ."

ಆಮೇಲೆ ಅವನು ಏನೂ ಆಗದವನಂತೆ ಕೆಲಸ ಮಾಡಿದ. ಹಸಿ ಅಚ್ಚು ಪೆಟ್ಟಿಗೆಯಲ್ಲಿ ಒಡೆದುಹೋಗುತ್ತೆ, ತನ್ನ ಹತ್ತಿರವೇ ಇರಲಿ ಎಂದು ಅದನ್ನು ತನ್ನ ಚೀಲದೊಳಗೆ ಇಳಿಬಿಟ್ಟ. ಕ್ಯಾರಿಯರ್ ಮೇಲೆ ಬಿದ್ದಿದ್ದ ಅವಳ ಮೊಬೈಲನ್ನು ಎತ್ತಿ, ಕೈಯಲ್ಲಿದ್ದರೆ ಬೀಳಿಸಿಕೊಳ್ಳುತ್ತೀಯ ಎಂದು ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. ಮೊಣಕಾಲನ್ನು ಪೆಟ್ಟಿಗೆಗೆ ಒತ್ತಿ, ಪಟ್ಟಿಯನ್ನು ಜಗ್ಗಿ ಎಳೆದು, ನೆತ್ತಿಯ ಮೇಲೆ ದಾಟಿಸಿ, ಸರಳಿನ ಕೆಳಗೆ ಬಳಸಿ, ತುದಿಯನ್ನು ಎರಡು ಸಲ ತೂರಿಸಿದ. ಸ್ವಲ್ಪ ಯೋಚಿಸಿ, ಮೂರನೆಯ ಸಲವೂ ತೂರಿಸಿದ.

ಹಲ್ಲಕ್ಕ ನೋಡುತ್ತ ನಿಂತಿದ್ದಳು. ಓಡಬೇಕೆನಿಸಿತು, ಕಾಲು ಬರಲಿಲ್ಲ. ಕೂಗಬೇಕೆನಿಸಿತು, ಕೂಗಿದರೆ ಕೇಳುವವರಿರಲಿಲ್ಲ. ಇಷ್ಟು ವರ್ಷ ತನಗೆ ಪೆಟ್ಟಾಗದಿರಲೆಂದು ಗಂಟು ಹಾಕಿದ ಬೆರಳುಗಳೇ ಅವು. ಈಗ ಅವುಗಳನ್ನು ಕಂಡರೇ ಹೆದರಿಕೆ.

ಅವನು ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಿದ. ಅಲುಗಾಡಲಿಲ್ಲ. ತೃಪ್ತಿಯಿಂದ ಅದರ ಮೇಲೆ ಒಂದು ತಟ್ಟಿದ.

"ಠಾಣೆಗೆ ಹೋಗಿ ಆ ಐದನ್ನು ಕೊಟ್ಟು ಬಾ. ನಿಧಾನಕ್ಕೆ ಹೋಗು, ಮುಂದೆ ರಸ್ತೆ ಕೆಟ್ಟಿದೆ."

"ನೀವು?"

"ನಾನು ಅತ್ತೆ ಮನೆಗೆ ಹೋಗಿ ಬರ್ತೀನಿ. ಪಾಪ, ಹುಡುಗ ಒಂದು ವಾರದಿಂದ ಹೆದರಿ ಕೂತಿದಾನೆ. ಯಾರಾದ್ರೂ ಹೋಗಿ ಧೈರ್ಯ ಹೇಳಬೇಕಲ್ಲ."

ಅವನು ಸೈಕಲ್ ತಿರುಗಿಸಿ ಹತ್ತಿದ. ಎಂದೂ ಅವಸರವಾಗಿ ತುಳಿಯದವನು ಸೀಟಿನಿಂದ ಎದ್ದುನಿಂತು ತುಳಿಯುತ್ತ ಹೋದ. ಚೀಲ ಒಂದಿಷ್ಟೂ ಓಲಾಡಲಿಲ್ಲ.

ಹಲ್ಲಕ್ಕನಿಗೆ ಜೀವ ಬಂದದ್ದು ಅವನು ಗೋದಾಮಿನ ಮೂಲೆ ದಾಟಿ ಮರೆಯಾದ ಮೇಲೆ. ಬೆನ್ನಟ್ಟಿದರೆ ಈ ಭಾರ ಹೊತ್ತು ಅವನನ್ನು ಹಿಡಿಯಲು ಅವಳಿಂದಾಗದು. ಠಾಣೆಗೆ ಓಡಿದರೆ ಅಷ್ಟರಲ್ಲಿ ಅವನು ಅಮ್ಮನ ಬಾಗಿಲಲ್ಲಿರುತ್ತಾನೆ. ಮೊದಲು ಫೋನು. ಅಮ್ಮನಿಗೆ ಫೋನು. ಬಾಗಿಲು ತೆಗೀಬೇಡ, ಯಾರೇ ಬಂದರೂ ತೆಗೀಬೇಡ, ಅಳಿಯ ಬಂದರಂತೂ ತೆಗೀಲೇಬೇಡ. ಮನೆಯ ಅಳಿಯನೆಂದರೆ ಅಮ್ಮ ಕುರ್ಚಿ ಒರೆಸಿ, ಬಾಗಿಲು ಹಾರು ಹೊಡೆದು ಕರೆಯುತ್ತಾಳೆ.

ಅವಳು ಕ್ಯಾರಿಯರ್ ಮೇಲೆ ಬಿದ್ದು ಪಟ್ಟಿಯ ತುದಿಯನ್ನು ಹುಡುಕಿದಳು. ಉಗುರಿಗೆ ಸಿಗಲಿಲ್ಲ. ಹೇರ್‌ಪಿನ್ನು ಬಾಗಿ ಎರಡಾಯಿತು. ಬಾಯಿ ಹಾಕಿ ಹಲ್ಲಿನಿಂದ ಕಚ್ಚಿ ಎಳೆದಳು. ರಬ್ಬರು ಚೂರು ಜಗ್ಗಿ, ಮತ್ತೆ ಸೆಟೆದು ತುಟಿಗೆ ಬಡಿದು ರಕ್ತ ಬಂತು. ಮೂರನೆಯ ಸುತ್ತು ಮೊದಲೆರಡನ್ನೂ ಅಮುಕಿ ಹಿಡಿದಿತ್ತು.

ಆಗ ಪೆಟ್ಟಿಗೆಯೊಳಗೆ ಫೋನು ಹಾಡತೊಡಗಿತು. ಅಮ್ಮನ ಕರೆಗೆಂದು ತಮ್ಮನೇ ಹಾಕಿಕೊಟ್ಟಿದ್ದ ರಿಂಗು. ಅಚ್ಚು ನೋಡಿದೆಯಾ ಅಕ್ಕ ಎಂದು ಕೇಳಲು ಅವನೇ ಮಾಡಿಸಿರಬೇಕು. ಹಲ್ಲಕ್ಕ ಎರಡೂ ಕೈಯಿಂದ ಮುಚ್ಚಳ ಬಡಿದಳು, ಸೈಕಲನ್ನೇ ಎತ್ತಿ ಗೋಡೆಗೆ ಕುಕ್ಕಿದಳು. ಸೀಟು ಓರೆಯಾಯಿತು, ಬೆಲ್ಲು ಕಳಚಿ ದೂರ ಉರುಳಿತು.

ಪೆಟ್ಟಿಗೆ ಅಲುಗಾಡಲಿಲ್ಲ. ಒಳಗೆ ರಿಂಗು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.